ಎರಡಂತಸ್ತಿನ ಮರಳುದಿಬ್ಬ

ಬಿರುಗಾಳಿಗೆ ಕಡಲತೀರದ ಮರಳುದಿಬ್ಬಗಳು ಎಷ್ಟು ಸವೆಯಬಲ್ಲವೆಂದು ಅಂದಾಜಿಸಲು ನಮ್ಮ ಇಲಾಖೆಗೆ ಒಂದು ಕಟ್ಟಡ ಬೇಕಾಗಿತ್ತು. ಕಟ್ಟಡಕ್ಕೆ ಮರಳು ಬೇಕಾಗಿತ್ತು. ಮರಳು ದಿಬ್ಬದಲ್ಲಿತ್ತು. ಇದರಲ್ಲಿ ಯಾರಿಗೂ ವಿರೋಧಾಭಾಸ ಕಾಣದ್ದರಿಂದ ಕಟ್ಟಡವು ಅವಧಿಗೆ ಮುನ್ನವೇ ಪೂರ್ಣಗೊಂಡಿತು. ಗೋಡೆಗಳು ಉಪ್ಪು ಬೆವರುತ್ತಿದ್ದುದನ್ನು ತೀರದ ವಾತಾವರಣವೆಂದು ಪರಿಗಣಿಸಲಾಯಿತು.

ಆ ದಿಬ್ಬದ ಅಂದಾಜು ನನ್ನ ಪಾಲಿಗೆ ಬಂತು. ಇದೇ ವಿಷಯದಲ್ಲಿ ಚಿನ್ನದ ಪದಕ ಪಡೆದ ಹಂಗಾಮಿ ಸಹಾಯಕ ನಾನು. ದಿಬ್ಬದ ಹಿಂದೆ ವಾಸಿಸುವವಳು ನನ್ನನ್ನು ಸಾಕಿ ಓದಿಸಿದ ಸೋದರತ್ತೆ. ವಸ್ತುನಿಷ್ಠತೆಗೆ ಭಂಗ ಬಾರದಿರಲೆಂದು ಈ ಸಂಗತಿಯನ್ನು ವರದಿಯಿಂದ ಕೈಬಿಟ್ಟೆ.

ಅಳೆಯಲು ಹೋದರೆ ದಿಬ್ಬವಿರಲಿಲ್ಲ. ಅತ್ತೆಯ ಅಡುಗೆಮನೆಯ ಕಿಟಕಿಗೆ ಕಡಲು ನೇರ ಎದುರಾಗಿತ್ತು.

"ಗಾಳಿ ಚೆನ್ನಾಗಿ ಬರ್ತಿದೆ ಕಣೋ. ಇನ್ನು ನೀರೂ ಬರುತ್ತಾ?"

"ಅಧ್ಯಯನ ನಡೀತಿದೆ ಅತ್ತೆ."

"ಇದನ್ನ ಹೇಳೋಕೆ ಇಷ್ಟೊಂದು ಓದ್ಬೇಕಿತ್ತಾ?"

ನಿರ್ದೇಶಕರಿಗೆ ವರದಿ ಮಾಡಿದೆ. "ಸರ್, ಅಲ್ಲಿ ದಿಬ್ಬ ಇಲ್ಲ."

"ಬಿರುಗಾಳಿ ಹೊತ್ಕೊಂಡು ಹೋಯ್ತಾ?"

"ಇಲ್ಲ ಸರ್. ನಾವೇ..."

"ಹಾಗಿದ್ರೆ ಸವೆತ ಅಲ್ಲ, ಸ್ಥಳಾಂತರ." ಅವರು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರು. "ಇಲ್ಲೇ ಇದೆಯಲ್ಲಪ್ಪ ದಿಬ್ಬ, ಅಳತೆ ತಗೋ. ನಿನ್ನ ನೌಕರಿ ಖಾಯಂ ಆಗ್ಬೇಕು ತಾನೆ?"

ಅಳೆದೆ. ಎತ್ತರ: ಎರಡು ಅಂತಸ್ತು. ಇಳಿಜಾರು: ಲಂಬ, ಮೆಟ್ಟಿಲ ಬಳಿ ಸಾಧಾರಣ. ಹುಲ್ಲಿನ ಹೊದಿಕೆ: ಹಸಿರು ಬಣ್ಣ, ಎರಡು ಕೋಟು. ಸವೆತದ ಸಾಧ್ಯತೆ: ಶೂನ್ಯ. ಸಹಿ ಹಾಕುವಾಗ ಆತ್ಮಸಾಕ್ಷಿಯಿಂದ ಕೈ ನಡುಗೀತೆಂದು ಕಾದೆ; ಅಕ್ಷರ ಎಂದಿಗಿಂತ ದುಂಡಗೆ ಬಂತು.

ಮರುದಿನ ಪ್ರಕಟಣೆ ಹೊರಟಿತು: "ತೀರವಾಸಿಗಳು ಸುಭದ್ರ ದಿಬ್ಬದ ರಕ್ಷಣೆಯಲ್ಲಿರುವುದರಿಂದ ಅವರಿಗೆ ಬೇರೆಡೆ ಮನೆ ಒದಗಿಸುವ ಅಗತ್ಯವಿರುವುದಿಲ್ಲ. ದಿಬ್ಬವನ್ನು ನೋಡಬಯಸುವವರು ಕಚೇರಿ ವೇಳೆಯಲ್ಲಿ ಬರತಕ್ಕದ್ದು."

ಬಿರುಗಾಳಿ ಪ್ರಕಟಣೆ ಓದಿರಲಿಲ್ಲ. ಅತ್ತೆಯ ಮನೆಯನ್ನು ಹಿತ್ತಿಲ ಸಮೇತ ಕಡಲು ಒಯ್ದಿತು. ದಿಬ್ಬವಾದರೋ ಒಂದು ಕಣದಷ್ಟೂ ಸವೆಯಲಿಲ್ಲ. ಇಷ್ಟು ನಿಖರವಾದ ಅಂದಾಜು ಇಲಾಖೆಯ ಚರಿತ್ರೆಯಲ್ಲೇ ಇಲ್ಲವೆಂದು ನನ್ನನ್ನು ಖಾಯಂಗೊಳಿಸಲಾಯಿತು.

ಅತ್ತೆ ಒದ್ದೆ ಗಂಟಿನೊಂದಿಗೆ ಬಂದು ನಮ್ಮ ಕಚೇರಿಯ ಪಡಸಾಲೆಯಲ್ಲಿ ಕುಳಿತಳು. ದಿಬ್ಬಗಳ ಮೇಲೆ ವಾಸಿಸುವುದು ನಿಯಮದ ಪ್ರಕಾರ ನಿಷಿದ್ಧ. ಖಾಯಂ ನೌಕರನಾಗಿ ನಾನು ಹೊರಡಿಸಿದ ಮೊದಲ ನೋಟಿಸು ಅವಳಿಗೆ.

ಅವಳು ಅದನ್ನು ಎರಡು ಬಾರಿ ಓದಿದಳು. ಸುತ್ತಲಿನ ಗೋಡೆಗಳನ್ನು ನೋಡಿದಳು.

"ಇದು ದಿಬ್ಬಾನೇನೋ?"

"ಹೌದತ್ತೆ."

"ಓದಿದವನು ನೀನು, ಇದ್ದರೂ ಇರಬಹುದು," ಎಂದು ಗಂಟು ಎತ್ತಿಕೊಂಡಳು. "ಎಲ್ಲಿ ಸಹಿ ಹಾಕ್ಲಿ?"