ಲೇಟ್ ಬಾಲ್ದೊಮೇರೊ

ಎಲ್ಲಕ್ಕೂ ಮೂಲ ಮಂಜು. ಚಿಲೋಯೆ ದ್ವೀಪಗಳ ಮಂಜೆಂದರೆ ಸಾಮಾನ್ಯದ್ದಲ್ಲ. ಅದನ್ನು ಚಾಕುವಿನಿಂದ ಕೊಯ್ದು ಆಲೂಗಡ್ಡೆ ರೊಟ್ಟಿಗೆ ಸವರಿಕೊಂಡು ತಿಂದವರನ್ನು ನಾನೇ ಕಂಡಿದ್ದೇನೆ. ಆ ಬೆಳಿಗ್ಗೆಯಂತೂ ಲೆಮುಯ್ ದ್ವೀಪದ ನಾಯಿಗಳು ತಮ್ಮ ಬಾಲವೇ ಕಾಣದೆ ಊಳಿಡುತ್ತಿದ್ದವು. ಕಾಸ್ತ್ರೋ ಪಟ್ಟಣಕ್ಕೆ ದಾಟಿಸುವ ಹಡಗು ಮಂಜಿಗೆ ಹೆದರಿ ಹೊರಡದೆ ನಿಂತಿತ್ತು. ತನ್ನ ಮದುವೆಯ ಹಳೇ ಕೋಟು ತೊಟ್ಟು ದಡದಲ್ಲಿ ಬಾಲ್ದೊಮೇರೊ ನಡುಗುತ್ತಿದ್ದ. ಹನ್ನೊಂದಕ್ಕೆ ಕಾಸ್ತ್ರೋದಲ್ಲಿ ಇಂಗ್ಲಿಷ್ ಹಡಗು ಕಂಪನಿಯ ಸಂದರ್ಶನ. ಪ್ರವಾಸಿಗಳಿಗೆ ಊರು ತೋರಿಸುವ ಆ ಕೆಲಸಕ್ಕೆ ಅವನು ಆರು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದ.

ಜೇಬಿನ ನಿಘಂಟು ತೆಗೆದ. ತಡ ಎನ್ನುವುದಕ್ಕೆ ಅವನ ಸ್ಪ್ಯಾನಿಷ್‌ನಲ್ಲಿ ತಾರ್ದೆ. ತಾರ್ದೆಗೆ ಇಂಗ್ಲಿಷಿನಲ್ಲಿ ಲೇಟ್. ಸರಿ, ಮರ್ಯಾದೆಗೆ ತನ್ನ ಪೂರ್ತಿ ಹೆಸರನ್ನೇ ಹಾಕಿ ಫೋನಿನಲ್ಲಿ ಕಂಪನಿಗೆ ಬರೆದು ಕಳಿಸಿದ: 'ಲೇಟ್ ಬಾಲ್ದೊಮೇರೊ ಪೈಯಾಕಾರ್. ವೆರಿ ಸಾರಿ.' ಕಳಿಸಿದ ಖುಷಿಗೆ ಕೈ ಜಾರಿ ಫೋನು ಸಮುದ್ರ ಸೇರಿತು.

ಮಧ್ಯಾಹ್ನ ಅವನನ್ನು ಹತ್ತಿಸಿಕೊಂಡು ಹಡಗು ಹೊರಟಿತು. ಅದರ ರೇಡಿಯೊ ದ್ವೀಪದವರಿಗೆ ಬಂದ ಸಂದೇಶಗಳನ್ನು ಎಂದಿನಂತೆ ಓದುತ್ತಿತ್ತು. ಯಾರದೋ ಹಂದಿ ಸಿಕ್ಕಿದೆ. ಯಾರಿಗೋ ಅತ್ತೆ ಬರುತ್ತಿದ್ದಾರೆ. ಆಮೇಲೆ ದನಿ ತಗ್ಗಿತು: "ಲೆಮುಯ್‌ನ ಬಾಲ್ದೊಮೇರೊ ಪೈಯಾಕಾರ್ ನಿಧನರಾಗಿದ್ದಾರೆ. ಇಂಗ್ಲಿಷ್ ಹಡಗು ಕಂಪನಿಯವರ ಸಂತಾಪಗಳು."

ಪಕ್ಕದ ಹೆಂಗಸು ಬುಟ್ಟಿ ಸಮೇತ ಸರಿದಳು. ಬುಟ್ಟಿಯ ಕೋಳಿಗಳೂ ಮುಖ ತಿರುಗಿಸಿದವು. ಟಿಕೆಟ್ಟಿನವನು ಇವನ ಕೈಯನ್ನು ಮುಟ್ಟಲೇ ಇಲ್ಲ.

"ನಿಮ್ಮ ಹಡಗು ಇದಲ್ಲ, ದೊನ್ ಬಾಲ್ದೊ. ಮುಳುಗಿ ಸತ್ತವರನ್ನ ಹತ್ತಿಸ್ಕೊಳ್ಳೋ ದೆವ್ವದ ಹಡಗು ಹಿಂದೆ ಬರುತ್ತೆ."

"ಮುಳುಗಿದ್ದು ನಾನಲ್ಲ ಕಣಯ್ಯಾ, ಫೋನು."

"ಎಲ್ರೂ ಮೊದಮೊದಲು ಏನಾದ್ರೊಂದು ಹೇಳ್ತಾರೆ."

ಬಾಲ್ದೊಮೇರೊ ಹಿಂತಿರುಗಿ ನೋಡಿದ. ಮಂಜಿನೊಳಗೆ ನಿಜಕ್ಕೂ ಒಂದು ದೀಪ ಬರುತ್ತಿತ್ತು. ಎಂಜಿನ್ನಿನ ಸದ್ದಿಲ್ಲ, ನೀರಿನ ಸದ್ದಿಲ್ಲ. ಇವನು ನೋಡಿದಾಗ ಅದೂ ನಿಂತು ನೋಡಿದಂತಾಯಿತು.

ನಿವೃತ್ತ ಮೇಷ್ಟ್ರು ದೊನ್ ಎಫ್ರಾಯಿನ್ ಮಾತ್ರ ಹತ್ತಿರ ಬಂದು, ಕೊಡೆಯ ತುದಿಯಿಂದ ಅವನ ಹೊಟ್ಟೆ ತಿವಿದರು. "ಅವರಿಗೆ ಏನಂತ ಬರೆದೆ?"

ಹೇಳಿದ.

"ಹಾಳಾಗಿಹೋದೆ. ನಮ್ಮ ತಾರ್ದೆ ಪಾಪದ್ದು. ತಡ ಅನ್ನುತ್ತೆ, ಮಧ್ಯಾಹ್ನ ಅನ್ನುತ್ತೆ, ಸುಮ್ನಿರುತ್ತೆ. ಇಂಗ್ಲಿಷಿನವರ ಲೇಟು ಹೆಸರಾದ ಮೇಲೆ ಬಂದ್ರೆ ತಡ, ಹೆಸರಿಗೆ ಮೊದಲೇ ಬಂದ್ರೆ ಹೆಣ."

"ಅಂದ್ರೆ ನಾನು ಬದುಕಿದೀನಿ ತಾನೆ, ಮೇಷ್ಟ್ರೇ?"

"ವ್ಯಾಕರಣದ ಪ್ರಕಾರ ಇಲ್ಲ."

ಕಾಸ್ತ್ರೋದಲ್ಲಿ ಇವನ ಸಾವಿಗೆಂದೇ ಇಗರ್ಜಿಯ ಗಂಟೆ ಮೊಳಗುತ್ತಿತ್ತು. ಕಂಪನಿಯ ಕಚೇರಿವರೆಗೂ ಅವನು ಓಡಿದ ವೇಗಕ್ಕೆ ಬೀದಿಯ ಮಂಜೇ ಇಬ್ಭಾಗವಾಯಿತು. ದಾರಿಯಲ್ಲಿ ಇವನು ಕೂಗಿ ಕರೆದ ಮೂವರು ಗೆಳೆಯರಲ್ಲಿ ಒಬ್ಬನೂ ತಿರುಗಲಿಲ್ಲ. ನಡುವೆ ತನ್ನ ಎದೆ ಬಡಿಯುತ್ತಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡ.

ಇಂಗ್ಲಿಷ್ ಮೇಡಮ್ಮು ಮೇಜಿನ ಹಿಂದಿದ್ದರು. ಏದುಸಿರಿನಲ್ಲಿ ಅವನು ತನ್ನ ಹೆಸರಷ್ಟೇ ಹೇಳಿದ. "ಬಾಲ್ದೊಮೇರೊನಾ? ಅವರು ಹೋಗಿಬಿಟ್ರಲ್ಲ. ನಿನ್ನೆಯಿಂದ ಇಲ್ಲಿ ಸಂತೇಲಿ ಪ್ರವಾಸಿಗಳಿಗೆ ಉಣ್ಣೆ ಕಾಲುಚೀಲ ಮಾರ್ತಿದ್ದ ಅವರ ಹೆಂಡತಿಗೆ ನಾವೇ ಫೋನ್ ಮಾಡಿದ್ವಿ. ಬಂದ್ರು, ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ. ಗಂಡನ ಕೆಲಸ ಅವರಿಗೇ ಕೊಟ್ವಿ. ನೀವ್ಯಾರು?"

"ನಾನೇ ಆ ಗಂಡ."

ಮೇಡಮ್ಮು ಪಕ್ಕಕ್ಕೆ ತಿರುಗಿದರು. ಕಂಪನಿಯ ನೀಲಿ ಕೋಟು ತೊಟ್ಟು, ಅತ್ತತ್ತು ಕೆಂಪಾದ ಕಣ್ಣಿನ ಅವನ ಹೆಂಡತಿ ಹೆರ್ಮಿಂದಾ ಕೂತಿದ್ದಳು. ಇವನನ್ನು ಕಂಡು ಅವಳ ಮುಖ ಬಿಳುಚಿತು. ಎದ್ದು ತಬ್ಬಿಕೊಳ್ಳುವವಳಂತೆ ಎರಡು ಹೆಜ್ಜೆ ಬಂದಳು. ಅಷ್ಟರಲ್ಲಿ ಕೈ ಎದೆಯ ಮೇಲಿನ ಹೊಸ ಬ್ಯಾಡ್ಜಿಗೆ ತಾಗಿತು. ನಿಂತಳು.

"ಇವರು ನಿಮಗೆ ಗೊತ್ತಾ?" ಮೇಡಮ್ಮು ಕೇಳಿದರು.

ಹೆರ್ಮಿಂದಾ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡಳು. "ಇಲ್ಲ, ಮೇಡಮ್. ನಮ್ಮೋರು ಇವರಿಗಿಂತ ಲಕ್ಷಣವಾಗಿದ್ರು."

ಬಾಗಿಲವರೆಗೆ ಕಳಿಸುವ ನೆಪದಲ್ಲಿ ಬಂದು, ಅವನ ಕೋಟಿನ ಕಾಲರು ಸರಿಮಾಡಿ, ತುಟಿ ಅಲುಗಿಸದೆ ಅಂದಳು:

"ಹಿತ್ತಿಲ ಬಾಗಿಲಿಂದ ಮನೆಗೆ ಹೋಗು. ಕೆಲಸ ಕಾಯಂ ಆಗೋವರೆಗೂ ಸತ್ತೇ ಇರು."