ಲಾಕ್‌ಡೌನ್ ಪರವಾಗಿ ನಾನು ಗೆದ್ದ ಚರ್ಚೆ

ಲಾಕ್‌ಡೌನ್‌ನಿಂದ ಪ್ರಯೋಜನ ಉಂಟೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಈಗಲೂ ಉಂಟೆಂದೇ ಹೇಳುತ್ತೇನೆ. ಇಲ್ಲ ಎನ್ನುವಂತಿಲ್ಲ, ಆ ವಿಷಯದಲ್ಲಿ ನಾನು ಬಹುಮಾನ ಪಡೆದವನು. ಬಹುಮಾನ ಬಂದ ಬಗೆಯನ್ನು ಮಾತ್ರ ನನ್ನ ಹೆಂಡತಿ ವಾಗ್ದೇವಿ ಊರಿಡೀ ನಗುತ್ತಾ ಹೇಳಿಕೊಂಡು ಬರುತ್ತಿದ್ದಾಳೆ. ನನ್ನ ಕಡೆಯ ಕಥೆಯನ್ನೂ ಯಾರಾದರೂ ಕೇಳಬೇಕಲ್ಲ.

ಎರಡನೇ ಅಲೆಯ ಮೇ ತಿಂಗಳು. ಪುಂಜಾಲಕಟ್ಟೆಯ ನಮ್ಮ ಮನೆಗೆ ನಾನು ಸರಕಾರಕ್ಕಿಂತ ಒಂದು ಕೈ ಮೇಲಾದ ಲಾಕ್‌ಡೌನ್ ಹಾಕಿದ್ದೆ. ಗೇಟಿಗೆ ಹಗ್ಗ, ಹಾಲಿನ ಪ್ಯಾಕೆಟ್ಟಿಗೆ ಸಾಬೂನಿನ ಸ್ನಾನ, ಪೇಪರಿಗೆ ಬಿಸಿಲಲ್ಲಿ ಎರಡು ಗಂಟೆ ತಪಸ್ಸು. (ಇಪ್ಪತ್ತೆಂಟು ವರ್ಷ ಮೇಷ್ಟ್ರಾಗಿ ಅರವತ್ತು ಮಕ್ಕಳನ್ನು ಕೂರಿಸಿದವನಿಗೆ ಒಬ್ಬ ಹೆಂಡತಿಯನ್ನು ಕೂರಿಸುವುದು ಕಷ್ಟವಾಗದು ಎಂದುಕೊಂಡಿದ್ದೆ.)

ಆದರೆ ಅದು ಹಲಸಿನ ಹಪ್ಪಳದ ಕಾಲ. ಹಪ್ಪಳ ಒಬ್ಬರಿಂದ ಆಗುವ ಕೆಲಸವಲ್ಲ. ಕಾಯಿಯೊಳಗಿನ ಸೊಳೆ ಬಿಡಿಸಬೇಕು, ಬೇಯಿಸಿ ರುಬ್ಬಬೇಕು, ಒಬ್ಬರು ಉಂಡೆ ಒತ್ತಿದರೆ ಇನ್ನೊಬ್ಬರು ಚಾಪೆಯ ಮೇಲೆ ಹರಡಬೇಕು. ಪ್ರತಿವರ್ಷ ವಾಗ್ದೇವಿಯೂ ಪಕ್ಕದ ಮನೆಯ ರಾಫಿಯಾಳೂ ಸೇರಿ ಹಪ್ಪಳವನ್ನೂ ಊರ ಸುದ್ದಿಯನ್ನೂ ಒಂದೇ ಅಂಗಳದಲ್ಲಿ ಒಣಗಿಸುತ್ತಿದ್ದರು. ಆ ವರ್ಷ ನಾನು ನಿಷೇಧಾಜ್ಞೆ ಹೊರಡಿಸಿದೆ. ಮರದಲ್ಲಿ ಕಾಯಿ ಬಲಿಯುತ್ತಾ ಬಂತು, ಮನೆಯೊಳಗೆ ವಾಗ್ದೇವಿಯ ಕೋಪವೂ.

ಅಷ್ಟರಲ್ಲಿ ನಾನು ಓದಿದ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗದವರು ಮೊಬೈಲಿನಲ್ಲೇ ಒಂದು ಚರ್ಚೆ ಇಟ್ಟರು: ಲಾಕ್‌ಡೌನ್ ಪರಿಣಾಮಕಾರಿಯೇ? ಬಿ.ಸಿ.ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಬ್ದುಲ್ ಸಮದ್ ಅಧ್ಯಕ್ಷ. ಪರವಾಗಿ ನಾನು. ವಿರುದ್ಧವಾಗಿ ಯಾರು ಎಂದದ್ದಕ್ಕೆ, ಅದೇ ಶಾಲೆಯಲ್ಲಿ ನನಗಿಂತ ನಾಲ್ಕು ತರಗತಿ ಕೆಳಗಿದ್ದ ವಾಗ್ದೇವಿ ಅಡುಗೆಮನೆಯಿಂದಲೇ ಹೆಸರು ಕೊಟ್ಟಳು. ಷರತ್ತೂ ಅವಳದೇ. ಅವಳು ಗೆದ್ದರೆ ಗೇಟಿನ ಹಗ್ಗ ಬಿಚ್ಚಬೇಕು; ನಾನು ಗೆದ್ದರೆ ಆ ವರ್ಷ ಹಪ್ಪಳದ ಮಾತೇ ಇಲ್ಲ. ನಾನು ಖುಷಿಯಿಂದ ಒಪ್ಪಿದೆ.

ಆಮೇಲೆ ಕನ್ನಡಿ ನೋಡಿಕೊಂಡೆ. ಎರಡು ತಿಂಗಳ ಕೂದಲು ಕಿವಿ ಮುಚ್ಚಿತ್ತು. ಈ ತಲೆ ಇಟ್ಟುಕೊಂಡು ಶಿಸ್ತಿನ ಬಗ್ಗೆ ಮಾತಾಡುವುದು ಹೇಗೆ? ಕ್ಷೌರದ ಅಂಗಡಿಗೆ ಬೀಗ. ಹಾಗಾಗಿ ಅಂಗಡಿಯ ಶೀನಪ್ಪನಿಗೆ ಗುಟ್ಟಾಗಿ ಫೋನ್ ಮಾಡಿದೆ. ಮರುದಿನ ಬೆಳಗ್ಗೆ ಸಾಮಾನು ತರುವ ನೆಪದಲ್ಲಿ ಹೊರಟು, ಅವನ ಮನೆಯ ಹಿತ್ತಿಲಲ್ಲಿ ಸ್ಟೂಲಿನ ಮೇಲೆ ಕುಳಿತೆ. ಲಾಕ್‌ಡೌನಿನ ಘನತೆ ಉಳಿಸಲು ಮಾಡಿದ ಸಣ್ಣ ಉಲ್ಲಂಘನೆ ಅದು, ಅಷ್ಟೇ. ಶೀನಪ್ಪ ನಡುವೆ ಎರಡು ಸಲ ಕೆಮ್ಮಿದ. ಪೌಡರಿನ ಧೂಳು ಎಂದ, ನಾನೂ ನಂಬಿದೆ.

ಮನೆಗೆ ಬಂದಾಗ ವಾಗ್ದೇವಿ ತಲೆ ನೋಡಿದಳು. ನಾನೇ ಕತ್ತರಿಸಿಕೊಂಡೆ ಎಂದೆ.

“ಹಿಂಬದಿಯೂ?”

“ಎರಡು ಕನ್ನಡಿ ಹಿಡಿದರೆ ಆಗ್ತದೆ.”

ಎರಡು ಕನ್ನಡಿ ಹಿಡಿದವನು ಕತ್ತರಿ ಯಾವ ಕೈಯಲ್ಲಿ ಹಿಡಿದ ಎಂದು ಅವಳು ಕೇಳಲಿಲ್ಲ. ನಾನು ಆಗಲೇ ಹೆದರಬೇಕಿತ್ತು.

ಐದು ದಿನ ಕಳೆದು ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ನಾನು ಮನೆಯ ಮುಂದಿನ ಚಾವಡಿಯಲ್ಲಿ, ಅವಳು ಅಡುಗೆಮನೆಯಲ್ಲಿ, ಮೊಬೈಲಿನಲ್ಲಿ ನಲವತ್ತಮೂರು ಮಂದಿ. ನಾನು ಅಂಕಿಅಂಶಗಳ ಮಳೆ ಸುರಿಸಿದೆ. ವಾಗ್ದೇವಿ ಹೇಳಿದ್ದು ಸ್ವಲ್ಪವೇ. ಆಸ್ಪತ್ರೆಗಳಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ, ಅದು ಸರಿ. ಆದರೆ ದಿನದ ದುಡಿಮೆಯವನಿಗೆ ಮನೆಯಲ್ಲಿ ಕೂತರೆ ಗಂಜಿಗೆ ದಾರಿ ಯಾವುದು, ಮತ್ತು ನಿಯಮ ಮಾಡಿದವರೇ ಅದನ್ನು ಪಾಲಿಸುತ್ತಾರೆಂದು ಏನು ಭರವಸೆ ಎಂದಳು. ಹಲವರು ತಲೆಯಾಡಿಸಿದರು. ನನಗೆ ರೋಷ ಉಕ್ಕಿತು.

ನಮ್ಮ ಮನೆಯನ್ನೇ ನೋಡಿ ಎಂದೆ. ಸಾಮಾನು ತರುವುದು ಬಿಟ್ಟರೆ ಇಪ್ಪತ್ತು ದಿನದಿಂದ ಯಾರೂ ಹೊಸಿಲು ದಾಟಿಲ್ಲ, ಕ್ಷೌರವನ್ನೂ ನಾನೇ ಮಾಡಿಕೊಂಡಿದ್ದೇನೆ ಎಂದು ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದೆ. ಆಗಲೇ ಗೇಟಿನ ಹಗ್ಗ ಸರಿಸಿ ಆಶಾ ಕಾರ್ಯಕರ್ತೆ ಅಮ್ಮಣಿ ಅಂಗಳಕ್ಕೆ ಬಂದಳು. ಅವಳ ಸ್ವರಕ್ಕೆ ಮೈಕ್ ಬೇಕಾಗಿಲ್ಲ.

“ಮಾಷ್ಟ್ರೇ, ಶೀನಪ್ಪಣ್ಣನಿಗೆ ಪಾಸಿಟಿವ್ ಬಂದಿದೆ. ಆರಾಮ ಇದ್ದಾರೆ, ಹೆದರ್ಲಿಕ್ಕೆ ಎಂತ ಇಲ್ಲ. ಯಾರ್ಯಾರ ಕೂದಲು ತೆಗೆದದ್ದು ಅಂತ ಕೇಳಿದ್ದಕ್ಕೆ ನಿಮ್ಮದೊಂದೇ ಹೆಸರು ಹೇಳಿದ್ರು. ಇನ್ನು ನೀವು ಕೋಣೆಯಿಂದ ಹೊರಗೆ ಬರುವ ಹಾಗಿಲ್ಲ.”

ಮೊಬೈಲಿನಲ್ಲಿ ನಲವತ್ತಮೂರು ಮುಖಗಳೂ ಒಮ್ಮೆಗೇ ನಕ್ಕವು. ಗದ್ದಲ ಇಳಿದ ಮೇಲೆ ವಾಗ್ದೇವಿಯ ಮಾತು ಕೇಳಿಸಿತು.

“ಅಧ್ಯಕ್ಷರೇ, ನನ್ನ ವಾದ ನಾನು ವಾಪಸು ತೆಗೀತೇನೆ. ಲಾಕ್‌ಡೌನ್ ಬೇಕೇ ಬೇಕು. ಊರಿಗೆ ಹೇಗೋ ಗೊತ್ತಿಲ್ಲ, ಇವರಿಗಂತೂ ಬೇಕು.”

ಎದುರಾಳಿ ಹಿಂದೆ ಸರಿದದ್ದರಿಂದ ಸಮದ್ ನನ್ನನ್ನೇ ವಿಜಯಿ ಎಂದು ಸಾರಿ, ಬಹುಮಾನವೂ ನನಗೇ ಎಂದ. ನಾನು ಕೋಣೆ ಸೇರಿದೆ. ಹದಿನಾಲ್ಕು ದಿನವೂ ನನಗೆ ಒಂದು ಸೀನೂ ಬರಲಿಲ್ಲ. ಷರತ್ತಿನಂತೆ ನಮ್ಮಲ್ಲಿ ಹಪ್ಪಳ ಇಲ್ಲದ್ದರಿಂದ ನಮ್ಮ ಮರದ ಹಲಸಿನಕಾಯಿಗಳನ್ನು ರಾಫಿಯಾಳ ಗಂಡ ಹನೀಫಾ ಕೊಯ್ದು ಒಯ್ದ. ಆ ಗಂಡಹೆಂಡತಿ ತಮ್ಮ ಅಂಗಳದಲ್ಲಿ ಕೂತು ಹಪ್ಪಳ ಒತ್ತುವುದು ನನ್ನ ಕಿಟಕಿಗೆ ಚೆನ್ನಾಗಿ ಕಾಣುತ್ತಿತ್ತು.

ಮೊದಲ ರಾತ್ರಿ ಊಟ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಬಂತು. ಬಡಿಸಿದವಳೊಡನೆ ಎರಡು ಮಾತಾಡಿ ರಾಜಿ ಮಾಡಿಕೊಳ್ಳೋಣವೆಂದು ಒಂದು ಕಾಲು ಹೊರಗಿಟ್ಟೆ.

“ಒಳಗೆ ಹೋಗಿ,” ಎಂದಳು ವಾಗ್ದೇವಿ. “ಗೆದ್ದವರೇ ಹೊರಗೆ ಬಂದರೆ ಸೋತವರು ಎಂತ ಮಾಡುವುದು?”