ಶಶಿಕಾಂತನ ಕಾರು ಗುಡ್ಡ ಹತ್ತಿದ್ದು

ರವಿವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಫೋನ್ ಬಾರದೇ ಇದ್ದಿದ್ದರೆ ಶಶಿಕಾಂತ ಎಂದಿನಂತೆ ಎರಡು ಸಲ ಚಹಾ ಕುಡಿದು, ಪೇಪರಿನ ಮೂಲೆಮೂಲೆ ಓದಿ, ಮಧ್ಯಾಹ್ನ ಊಟ ಮಾಡಿ ಮಲಗಿಬಿಡುತ್ತಿದ್ದ. ಆದರೆ ಫೋನ್ ಬಂತು.

"ಜಮಖಂಡಿ ಶಶಿಕಾಂತ ಅಂದ್ರ ನೀವೇ ಏನ್ರಿ? ನಾನು ಕೊಲ್ಲಾಪುರದಿಂದ ಇನಾಮದಾರ. ಹಳೇ ಮೋಟಾರಿನ ಸಂಘದಾವ. ನಿಮ್ಮ ಪತ್ರ ಮುಟ್ಟೈತಿ. ಈ ವರ್ಷ ನಿಮ್ಮ ಭಾಗದಾಗ ಒಂದು ಗಾಡಿ ಆರಿಸಿ ಅದರ ಎಂಜಿನ್ ಪೂರಾ ಹೊಸದಾಗಿ ಕಟ್ಟಿಸಿಕೊಡೋರದೀವಿ. ಖರ್ಚೆಲ್ಲಾ ಸಂಘದ್ದು. ಇವತ್ತ ಸಂಜಿ ಐದಕ್ಕ ರಾಮತೀರ್ಥದ ಗುಡ್ಡದ ಮ್ಯಾಲ ಗಾಡಿ ತಗೊಂಡು ಬರ್ರಿ. ಅಲ್ಲೇ ನೋಡ್ತೀವಿ."

"ಗುಡ್ಡದ ಮ್ಯಾಲರೀ?" ಎಂದು ಶಶಿಕಾಂತ ಕೇಳುವಷ್ಟರಲ್ಲಿ ಆ ಕಡೆಯಿಂದ ಫೋನ್ ಇಟ್ಟಾಗಿತ್ತು.

ಅವನು ಕುರ್ಚಿಯ ಮೇಲೆ ಕುಸಿದು ಕುಳಿತ. ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನ ಬಳಿ ಊರಿನಲ್ಲಿ ಮತ್ತ್ಯಾರ ಬಳಿಯೂ ಇಲ್ಲದ ಒಂದು ವಸ್ತುವಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ, ಎರಡೇ ಸೀಟಿನ, ತಲೆ ತೆರೆದ, ಕೆಂಪು ಬಣ್ಣದ ರೇಸಿನ ಕಾರು. ಐದು ವರ್ಷದ ಹಿಂದೆ ಬೀಳಗಿ ಕಡೆಯ ಒಂದು ಊರು ಹಿನ್ನೀರಿನಲ್ಲಿ ಮುಳುಗುವ ಮೊದಲು, ಅಲ್ಲಿಯ ವಾಡೆಯ ದೊಡ್ಡ ಮನೆಯ ಯಜಮಾನರು ದನದ ಕೊಟ್ಟಿಗೆ ಖಾಲಿ ಮಾಡುವಾಗ ಹೊಟ್ಟಿನ ರಾಶಿಯ ಕೆಳಗೆ ಅದು ಸಿಕ್ಕಿತ್ತು. ಸರ್ವೆ ಕೆಲಸಕ್ಕೆ ಹೋಗಿದ್ದ ಶಶಿಕಾಂತ ಒಂದು ಎಮ್ಮೆಯ ಬೆಲೆಗೆ ಅದನ್ನು ಎಳೆದು ತಂದಿದ್ದ.

ಕಾರು ನೋಡಲು ಚೆಲುವಾಗಿತ್ತು. ಓಡುವ ವಿಷಯ ಮಾತ್ರ ಬೇರೆ. ಮುಧೋಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅದನ್ನು ಹಿಂದೆ ಹಾಕಿ ಹೋಗುತ್ತಿದ್ದವು. ರಾಮತೀರ್ಥದ ಏರಿನಲ್ಲಂತೂ ಅದು ಎರಡನೇ ತಿರುವು ಕಂಡದ್ದೇ ಇಲ್ಲ. ಅದಕ್ಕೂ ಮುಂಚೆಯೇ ಕೆಮ್ಮಿ, ಮುಗ್ಗರಿಸಿ, ಹಿಂದಕ್ಕೆ ಜಾರುತ್ತಿತ್ತು.

"ಏನಾತ್ರೀ? ಯಾರ ಫೋನು?" ಎಂದು ಹೆಂಡತಿ ಪೂನಮ್ ಒಳಗಿನಿಂದ ಕೇಳಿದಳು.

ಶಶಿಕಾಂತ ಹೇಳಿದ. ಅವಳು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಫುಕಟ್ ಎಂಜಿನ್ ಅಂದ್ರ ಛಲೋನ ಆತು. ಆದ್ರ ನಿಮ್ಮ ಗಾಡಿ ಗುಡ್ಡ ಹತ್ತೂದು ಹೆಂಗ?"

"ಅದನ್ನ ಪರೀಕ್ಷಾ ಮಾಡಾಕ ಅಲ್ಲೇ ಕರದಾರ. ಇವತ್ತ ಹತ್ತಬೇಕು. ಹತ್ತೇ ಹತ್ತತೈತಿ."

ಅವನು ಹಾಗೆ ಹೇಳಿದ ಧಾಟಿಗೆ ಪೂನಮ್ ಲಟ್ಟಣಿಗೆ ಕೆಳಗಿಳಿಸಿದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಗಂಡ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಒಂಬತ್ತಕ್ಕೆ ಕಾರು ಲಗಮಪ್ಪನ ಗ್ಯಾರೇಜಿನ ಮುಂದಿತ್ತು. ಲಗಮಪ್ಪ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ಮೇಸ್ತ್ರಿ. ಯಾವ ಯಂತ್ರವನ್ನೇ ಆಗಲಿ ಮೊದಲು ಮೂಸಿ ನೋಡುವುದು ಅವನ ಪದ್ಧತಿ. ಕಾರನ್ನೂ ಮೂಸಿದ.

"ಸಾಹೇಬ್ರ, ಹೊಸ ಸಾಮಾನು ಹಾಕಿದ್ರ ನಿಮ್ಮ ಆರು ತಿಂಗಳ ಪಗಾರ ಬೇಕು. ಅದೂ ಇಲ್ಲೆಲ್ಲೂ ಸಿಗಂಗಿಲ್ಲ."

"ಸಾಮಾನು ಬ್ಯಾಡ. ಸಂಜಿ ಐದರೊಳಗ, ಕೈಯಾಗ ಇದ್ದದ್ದರೊಳಗ ಏನಾಗತೈತಿ ಹೇಳು."

ಲಗಮಪ್ಪನಿಗೆ ಆ ಮಾತು ಹಿಡಿಸಿತು. ಅವನು ಬಾನೆಟ್ ಎತ್ತಿ ಎರಡೂ ಕಾರ್ಬೊರೇಟರ್ ಬಿಚ್ಚಿದ. ಒಂದರೊಳಗೆ ಅಂಟಿನಂಥ ಕೆಸರು. ಗಾಳಿ ಸೋಸುವ ಜಾಳಿಗೆಯೊಳಗಂತೂ ಇಲಿಯೊಂದು ವಾಡೆಯ ಹಳೆಯ ಕಾಗದ ಪತ್ರಗಳಿಂದ ಮೆತ್ತನೆಯ ಸಂಸಾರ ಹೂಡಿ, ಎಂದೋ ಬಿಟ್ಟುಹೋಗಿತ್ತು. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದರು. ಪ್ಲಗ್ ಉಜ್ಜಿದರು. ಕಚ್ಚಿ ಹಿಡಿದಿದ್ದ ಬ್ರೇಕುಗಳನ್ನು ಸಡಿಲಿಸಿದರು. ಕಿವಿಗೊಟ್ಟು ಟೈಮಿಂಗ್ ಕೂಡಿಸಿದರು.

ಹನ್ನೊಂದಕ್ಕೆ ಮೊದಲ ಪ್ರಯತ್ನ. ಕಾರು ಮೊದಲ ತಿರುವನ್ನು ನೆಗೆದು ದಾಟಿ, ಎರಡನೆಯದು ಇನ್ನೂ ನೂರು ಹೆಜ್ಜೆ ಇರುವಾಗ ನಿಟ್ಟುಸಿರುಬಿಟ್ಟು ನಿಂತಿತು.

ಅವರು ಗ್ಯಾರೇಜಿನ ಸಾಮಾನು ಹೇರಿಕೊಂಡು ಶಶಿಕಾಂತನ ಮನೆಯ ಮುಂದೆ ಬರುವಷ್ಟರಲ್ಲಿ ಸುದ್ದಿ ಓಣಿಯೆಲ್ಲಾ ಹಬ್ಬಿತ್ತು. ಎದುರು ಮನೆಯ ತಂಗೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಎಪ್ಪತ್ತರ ಆ ಮುದುಕಿ ಜೀವಮಾನದಲ್ಲಿ ಒಂದೇ ಸಲ ಕಾರು ಹತ್ತಿದ್ದು, ಅದೂ ಚುನಾವಣೆಗೆ ನಿಂತ ಅಳಿಯನಿಗೆ ವೋಟು ಹಾಕಲು.

"ಶಶಿಕಾಂತಾ, ಅದಕ್ಕ ಭಾರ ಭಾಳ ಆಗೇತೋ ಯಪ್ಪಾ. ಎತ್ತಿಗೆ ಏರು ಬಂದ್ರ ನಾವು ಚಕ್ಕಡಿಯಿಂದ ಇಳೀತಿದ್ವಿ. ಬ್ಯಾಡಾದ್ದೆಲ್ಲಾ ಇಳಿಸು."

"ಖರೆ ಐತಿ ಆಯಿ," ಎಂದ ಲಗಮಪ್ಪ. "ಭಾರ ಕಳದ್ರ ಫುಕಟ್ ಶಕ್ತಿ ಬಂದಂಗ."

ಇಳಿಸುವ ಕೆಲಸ ಶುರುವಾಯಿತು. ಹೆಚ್ಚಿನ ಗಾಲಿ, ಜಾಕು, ತಲೆಯ ಮೇಲಿನ ಮಡಿಚುವ ಟಪ್ಪು ಮೊದಲು ಹೊರಬಿದ್ದವು. ಆಮೇಲೆ ಮುಂದಿನ ಹಿಂದಿನ ಬಂಪರು. ಆಮೇಲೆ ಗಾಜು, ಅದರ ಹಿತ್ತಾಳೆಯ ಚೌಕಟ್ಟಿನ ಸಮೇತ. ತಂಗೆವ್ವ ಕಟ್ಟೆಯಿಂದ ಬೆರಳು ತೋರಿಸುತ್ತಲೇ ಇದ್ದಳು. "ಅದೇನದು, ಬಾಗಲಾ? ತಗಿ. ನೀ ಸಣ್ಣಾಂವ ಅದೀ, ಜಿಗಿದು ಕುಂದ್ರತೀ." ಬಾಗಿಲು ಹೋದವು. ಪಕ್ಕದ ಸೀಟೂ ಹೋಯಿತು.

"ಅಯ್ಯ, ಅದು ನನ್ನ ಸೀಟು!" ಎಂದಳು ಪೂನಮ್.

"ಎಂಜಿನ್ ಬಂದ ಮ್ಯಾಲ ಮತ್ತ ಕುಂದ್ರಸ್ತೀನಿ," ಎಂದ ಶಶಿಕಾಂತ, ನಟ್ಟು ತಿರುಗಿಸುತ್ತಾ.

ಕಾರು ಈಗ ಮುಧೋಳದ ಬೇಟೆನಾಯಿಯಂತೆ ಸೊರಗಿ, ಪಕ್ಕೆಲುಬು ತೋರಿಸಿಕೊಂಡು ನಿಂತಿತ್ತು. ಎರಡನೇ ಪ್ರಯತ್ನದಲ್ಲಿ ಅದು ಎರಡನೇ ತಿರುವನ್ನು ಮುಟ್ಟಿತು. ಮುಟ್ಟಿ, ಅಲ್ಲಿಯೇ ಅಡ್ಡಡ್ಡ ನಿಂತುಬಿಟ್ಟಿತು. ಗಾಜಿಲ್ಲದ್ದರಿಂದ ಹಾದಿಯ ಧೂಳೆಲ್ಲಾ ಶಶಿಕಾಂತನ ಮುಖದ ಮೇಲಿತ್ತು. ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಲಗಮಪ್ಪ ತನ್ನ ವೆಲ್ಡಿಂಗ್ ಕನ್ನಡಕ ತಂದು ಅವನಿಗೆ ಹಾಕಿದ.

ಗಂಟೆ ಎರಡಾಗಿತ್ತು. ಶಶಿಕಾಂತ ನಿಂತಲ್ಲೇ ರೊಟ್ಟಿ ಪಲ್ಯ ತಿಂದ.

"ಎಂಜಿನ್ ಉಸಿರು ಬಿಡಾಕ ಆಗವಲ್ದು," ಎಂದ ಲಗಮಪ್ಪ ಸೈಲೆನ್ಸರ್ ಬಡಿದು ನೋಡಿ. ಅದರಿಂದ ಅರ್ಧ ಬುಟ್ಟಿ ಮಸಿ ಬಿತ್ತು, ಮಸಿಯ ಹಿಂದೆ ಸೈಲೆನ್ಸರೂ ಪುಡಿಯಾಗಿ ಬಿತ್ತು. ಅದರ ಜಾಗದಲ್ಲಿ ಅವನು ಬೋರ್‌ವೆಲ್ಲಿನ ಕಬ್ಬಿಣದ ಪೈಪಿನ ಒಂದು ತುಂಡನ್ನು ನೆಟ್ಟಗೆ ಬೆಸೆದ. ಕಾರು ಚಾಲೂ ಮಾಡಿದಾಗ ಹೊರಟ ಸದ್ದಿಗೆ ಓಣಿಯ ಕಾಗೆಗಳೆಲ್ಲಾ ಒಮ್ಮೆಗೇ ಎದ್ದವು. ತಂಗೆವ್ವನ ಎಮ್ಮೆ ಹಗ್ಗ ಹರಿದುಕೊಂಡು ಅಂಚೆ ಕಚೇರಿಯ ಕಡೆ ಓಡಿತು.

"ಎಮ್ಮಿ ಹಾಲು ಕೊಡದಿದ್ರ ನಿಮ್ಮ ಮನಿಗೇ ಕೇಳಾಕ ಬರ್ತೀನಿ ನೋಡು!" ಎನ್ನುತ್ತಾ ಮುದುಕಿ ಅದರ ಹಿಂದೆ ಓಡಿದಳು.

ಅಷ್ಟರಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುವ ಅಪ್ಪಾಸಾಬ ಬಂದ. ಮದುವೆ, ಸಭೆ, ಸತ್ಯನಾರಾಯಣ ಪೂಜೆ ಯಾವುದಿದ್ದರೂ ಅವನೇ ಬೇಕಾದದ್ದರಿಂದ ಎಲ್ಲದರ ಬಗ್ಗೆಯೂ ಅವನಿಗೊಂದು ಅಭಿಪ್ರಾಯವಿತ್ತು.

"ಉಸಿರು ಬಿಡಾಕ ಹಾದಿ ಮಾಡೀರಿ, ತಗೊಳ್ಳಾಕ? ಬಾನೆಟ್ಟಿನ ಒಳಗ ಕಾದ ಗಾಳಿನ ಕುಡೀತೈತಿ ಅದು. ತಣ್ಣನ ಗಾಳಿ ಕೊಡ್ರಿ, ಆಮ್ಯಾಗ ನೋಡ್ರಿ ಮಜಾ." ಅವನು ಮನೆಗೆ ಹೋಗಿ ಧ್ವನಿವರ್ಧಕದ ಒಂದು ಹಳೆಯ ಭೋಂಗಾ ಹೊತ್ತು ತಂದ. ದೊಡ್ಡ ಬಾಯಿ ಮುಂದೆ, ಸಣ್ಣ ಬಾಯಿ ಕಾರ್ಬೊರೇಟರಿಗೆ. ಕಾರು ಓಡಿದಷ್ಟೂ ಗಾಳಿ ತಾನಾಗಿಯೇ ಒಳಗೆ ನುಗ್ಗುತ್ತದೆ ಎಂಬುದು ಅವನ ಲೆಕ್ಕ.

ಲಗಮಪ್ಪ ತಲೆದೂಗಿದ. ಆದರೆ ಭೋಂಗಾ ಕೂರಿಸಲು ಬಾನೆಟ್ಟಿನಲ್ಲಿ ಒಂದು ದೊಡ್ಡ ತೂತು ಕೊಯ್ಯಬೇಕಿತ್ತು.

"ಬೋಲ್ಟು ಬಿಚ್ಚಿದ್ದನ್ನ ಮತ್ತ ಹಾಕಬಹುದು ಸಾಹೇಬ್ರ. ಇದನ್ನ ಒಮ್ಮೆ ಕೊಯ್ದ್ರ ಕೊಯ್ದಂಗ. ವಿಚಾರ ಮಾಡ್ರಿ."

ಶಶಿಕಾಂತ ಬಾನೆಟ್ಟಿನ ಮೇಲೆ ಕೈಯಿಟ್ಟ. ಪ್ರತಿ ಶುಕ್ರವಾರ ಅವನು ಅದನ್ನು ಮೆತ್ತನೆಯ ಧೋತರದ ಅರಿವೆಯಿಂದ ಒರೆಸುತ್ತಿದ್ದ. ಆ ಕೆಂಪಿನಲ್ಲಿ ತನ್ನ ಮುಖ ನೋಡಿಕೊಂಡೇ ಅವನು ಮೀಸೆ ತಿದ್ದಿಕೊಳ್ಳುತ್ತಿದ್ದದ್ದು. ಮನೆಯ ಬಾಗಿಲಲ್ಲಿ ನಿಂತ ಪೂನಮ್ ಬೇಡವೆಂಬಂತೆ ಕೈ ಆಡಿಸಿದಳು. ಅವಳ ಹಿಂದೆ ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ಕೊಯ್ಯಿ," ಎಂದ ಶಶಿಕಾಂತ. ಹೇಳಿ ಆ ಕಡೆ ಮುಖ ತಿರುಗಿಸಿದ. ಉಳಿ ಬಡಿದ ಪ್ರತಿ ಏಟನ್ನೂ ಅವನು ಎಣಿಸಿದ.

ಐದಕ್ಕೆ ಕಾಲು ಗಂಟೆ ಇರುವಾಗ ಕಾರು ಗುಡ್ಡದ ಬುಡಕ್ಕೆ ಬಂತು. ಓಣಿಯ ಮಂದಿ ಅಪ್ಪಾಸಾಬನ ಮೂರು ಗಾಲಿಯ ಟಂಟಂನಲ್ಲಿ ಮೊದಲೇ ಮೇಲೆ ಹೋಗಿ ಕಾಯುತ್ತಿದ್ದರು. ಶಶಿಕಾಂತ ಕನ್ನಡಕ ಸರಿಪಡಿಸಿಕೊಂಡು, ಹಲ್ಲು ಕಚ್ಚಿ ಎಕ್ಸಲರೇಟರ್ ಒತ್ತಿದ.

ಮೊದಲ ತಿರುವು ಹೋದದ್ದೇ ತಿಳಿಯಲಿಲ್ಲ. ಎರಡನೇ ತಿರುವು ಕಂಡಾಗ ಎಂಜಿನ್ನಿನ ಸ್ವರ ತಗ್ಗಿತು. "ಬಿಡಬ್ಯಾಡ, ಬಿಡಬ್ಯಾಡ," ಎಂದು ಅವನು ಸ್ಟೇರಿಂಗಿಗೆ ಬಾಗಿ ಬೇಡಿಕೊಂಡ. ಗೇರು ಇಳಿಸಿದ. ಭೋಂಗಾ ಒಮ್ಮೆ ಶಂಖದಂತೆ ಊದಿತು. ಕಾರು ಮೈ ಝಾಡಿಸಿ, ಹಗ್ಗ ಬಿಚ್ಚಿದ ಹೋರಿಯಂತೆ ಮೇಲಕ್ಕೆ ಚಿಮ್ಮಿತು! ಎರಡನೇ ತಿರುವು ಹಿಂದಾಯಿತು. ಮೂರನೆಯದರಲ್ಲಿ ಒಂದು ಬಿಳಿ ಜೀಪು ಮೆಲ್ಲಗೆ ಹತ್ತುತ್ತಿತ್ತು. ಶಶಿಕಾಂತ ಅದನ್ನೂ ಬಲಗಡೆಯಿಂದ ಹಿಂದೆ ಹಾಕಿ, ಅದರ ಮೇಲೆ ಒಂದು ಮೋಡದಷ್ಟು ಮಸಿ ಚೆಲ್ಲಿ, ನೆತ್ತಿ ಮುಟ್ಟಿಯೇಬಿಟ್ಟ.

ಓಣಿಯವರು ಹೋ ಎಂದು ಕೂಗಿದರು. ಲಗಮಪ್ಪ ಅವನನ್ನು ಎತ್ತಿಕೊಂಡ. ಪೂನಮ್ ಕಣ್ಣೊರೆಸಿಕೊಂಡಳು. ಐದು ವರ್ಷದಲ್ಲಿ ಮೊದಲ ಸಲ ಗುಡ್ಡದ ಮೇಲಿನ ಗಾಳಿ ಶಶಿಕಾಂತನ ಕಾರಿಗೆ ತಗುಲಿತ್ತು.

ಹಿಂದಿನಿಂದ ಬಂದ ಬಿಳಿ ಜೀಪಿನಿಂದ ಕರ್ರಗಾದ ಇಬ್ಬರು ಇಳಿದರು. ಅವರಲ್ಲಿ ಹಿರಿಯರು ಕರವಸ್ತ್ರದಿಂದ ಮುಖ ಒರೆಸಿಕೊಂಡ ಮೇಲೆ ಬಿಳಿ ಮೀಸೆ ಕಾಣಿಸಿತು. ಅವರೇ ಇನಾಮದಾರರು. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ತೂತಿನ ಅಂಚನ್ನು, ಗಾಯ ಮುಟ್ಟುವಂತೆ, ಬೆರಳಿನಿಂದ ಮುಟ್ಟಿದರು.

"ಏನ ಮಾಡಿಬಿಟ್ರಿ ಇದಕ್ಕ?"

"ಶಕ್ತಿ ತುಂಬೇನ್ರಿ," ಎಂದ ಶಶಿಕಾಂತ ಎದೆಯುಬ್ಬಿಸಿ. "ಹೊಸಾ ಸಾಮಾನು ಒಂದೂ ಹಾಕಿಲ್ಲ. ಬೆಳಿಗ್ಗಿ ಅರ್ಧಾ ಗುಡ್ಡಾನೂ ಹತ್ತತಿರಲಿಲ್ಲ. ಈಗ ನೋಡಿದ್ರೆಲ್ಲ?"

"ನೋಡಿದ್ವಿ. ನಮ್ಮ ಜೀಪೂ ನೋಡ್ತು." ಇನಾಮದಾರರು ನಿಟ್ಟುಸಿರುಬಿಟ್ಟರು. "ಸಾಹೇಬ್ರ, ಕಾರ್ಖಾನಿಯಿಂದ ಬಂದಾಗ ಹೆಂಗ ಇತ್ತೋ ಹಂಗ ಇದ್ದ ಗಾಡೀನ ಮಾತ್ರ ಆರಸ್ತೀವಿ ನಾವು. ಒಂದು ನಟ್ಟೂ ಬದಲಾಗಿರಬಾರದು. ಅದರಾಗ ಶಕ್ತಿ ಹೋದ ಗಾಡಿಗೇ ಎಂಜಿನ್ ಕಟ್ಟಿಸಿಕೊಡೂದು. ನಿಮ್ಮ ಗಾಡಿಗೆ ಅದರ ಗರಜೇ ಇಲ್ಲಲ್ಲ!"

ಶಶಿಕಾಂತ ವೆಲ್ಡಿಂಗ್ ಕನ್ನಡಕ ತೆಗೆದ. "ಮತ್ತ... ಗುಡ್ಡಕ್ಕ ಯಾಕ ಕರದ್ರಿ?"

"ಫೋಟೋ ತಗಿಯಾಕ. ಐದರ ಬಿಸಲು ಇಲ್ಲಿ ಭಾಳ ಛಂದ ಬೀಳತೈತಿ. ನೀವು ಲಾರಿಯೊಳಗ ಹಾಕ್ಕೊಂಡು ಬಂದಿದ್ರೂ ನಡೀತಿತ್ತು. ಬೆಳಿಗ್ಗಿ ಇದ್ದಂಗ ತಂದಿದ್ರ..."

ಅಪ್ಪಾಸಾಬ ಟಂಟಂನ ಗಾಲಿಯಲ್ಲಿ ಗಾಳಿ ಇದೆಯೇ ಎಂದು ಬಗ್ಗಿ ನೋಡತೊಡಗಿದ.

"ಇಷ್ಟು ದೂರ ಬಂದೇವಿ," ಎಂದರು ಇನಾಮದಾರರು. "ಈ ಕಡೆ ಮತ್ತ್ಯಾರದರ ಹಳೇ ಗಾಡಿ ಐತೇನು? ಯಾರೂ ಕೈ ಹಚ್ಚಲಾರದ್ದು?"

ಪೂನಮ್ ಮುಂದೆ ಬಂದಳು. "ನಮ್ಮ ತವರಮನ್ಯಾಗ ಒಂದೈತ್ರಿ. ಬನಹಟ್ಟ್ಯಾಗ. ನಮ್ಮ ಅಜ್ಜಂದು."

ಶಶಿಕಾಂತ ಹೆಂಡತಿಯನ್ನು ನೋಡಿದ. ಅವಳು ಬೇರೆ ಕಡೆ ನೋಡಿದಳು.

ಹಾದಿ ತೋರಿಸುವ ಭಾರ ಅವನ ಮೇಲೆಯೇ ಬಿತ್ತು. ಪೂನಮ್ ಜೀಪಿನಲ್ಲಿ ಕುಳಿತಳು, ಅವನು ಮುಂದೆ ಹೊರಟ. ಕಾರು ಎಂದೂ ಇಲ್ಲದಷ್ಟು ಹುರುಪಿನಲ್ಲಿತ್ತು. ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದಾದಮೇಲೊಂದು ಹಿಂದೆ ಹಾಕಿತು. ಅವನು ನಿಧಾನ ಮಾಡಬೇಕೆಂದರೂ ಅದು ಕೇಳಲಿಲ್ಲ.

ಬನಹಟ್ಟಿಯಲ್ಲಿ ಪೂನಮ್‌ಳ ತಮ್ಮ ಬಾಳಾಸಾಹೇಬ ಮಗ್ಗದ ಶೆಡ್ಡಿನ ಹಿಂದೆ ಎಲ್ಲರನ್ನೂ ಕರೆದೊಯ್ದ. ನೂಲಿನ ಗಂಟುಗಳ ನಡುವೆ, ಮೂವತ್ತು ವರ್ಷದಿಂದ ಅಲುಗಾಡದ ಒಂದು ಕಾರು ನಾಲ್ಕೂ ಟೈರು ನೆಲಕ್ಕಿಳಿಸಿ ಕೂತಿತ್ತು. ಬಾಳಾಸಾಹೇಬ ಅದರ ಬಾನೆಟ್ ಎತ್ತಿದವನೇ ಅಲ್ಲ. ಬಾಗಿಲು ತೆಗೆದರೆ ಸೀಟಿನ ಮೇಲಿಂದ ಏಳೆಂಟು ಕೋಳಿಗಳು ಕತ್ತೆತ್ತಿ ನೋಡಿದವು.

ಇನಾಮದಾರರು ಕೈಬ್ಯಾಟರಿಯ ಬೆಳಕು ಬಿಟ್ಟು ಒಳಗೆ ಇಣುಕಿದರು. ಅವರ ಕಣ್ಣು ತೇವವಾದವು. "ಆಹಾ! ಎಷ್ಟು ಛಲೋ ಕೆಟ್ಟು ನಿಂತೈತಿ! ಒಂದು ಇಸ್ಕ್ರೂ ಅಲುಗಿಲ್ಲ!"

"ಮಾಮಾ, ಇವ್ರು ಹೊಗಳಾಕತ್ತಾರೋ ಬಯ್ಯಾಕತ್ತಾರೋ?" ಎಂದು ಬಾಳಾಸಾಹೇಬ ಶಶಿಕಾಂತನ ಕಿವಿಯಲ್ಲಿ ಕೇಳಿದ.

"ನಿನಗ ಹೊಸಾ ಎಂಜಿನ್ ಬಂತು," ಎಂದ ಶಶಿಕಾಂತ.

ಕೆಲಸ ಮುಗಿಯಲು ನಾಲ್ಕು ತಿಂಗಳು ಹಿಡಿಯುತ್ತದೆ, ಗಾಡಿ ನಾಳೆಯೇ ಕೊಲ್ಲಾಪುರಕ್ಕೆ ಹೋಗುತ್ತದೆ ಎಂದಾಗ ಬಾಳಾಸಾಹೇಬ ಗಾಬರಿಯಾದ.

"ನಾಳೇನ? ಮತ್ತ ಕೋಳಿ ಎಲ್ಲಿ ಇರಬೇಕ್ರಿ? ಹುಟ್ಟಿದಾಗಿಂದ ಕಾರಿನ್ಯಾಗ ಬೆಳದಾವ, ಬ್ಯಾರೆ ಕಡೆ ತತ್ತಿ ಇಡಂಗಿಲ್ಲ ಅವು."

ಆ ರಾತ್ರಿ ತವರಿನಲ್ಲೇ ಉಳಿಯುವುದೆಂದು ನಿರ್ಧರಿಸಿದ್ದ ಪೂನಮ್ ಸ್ವಲ್ಪ ಯೋಚಿಸಿ ಗಂಡನ ಕಡೆ ತಿರುಗಿದಳು.

"ನಾಕು ತಿಂಗಳ ಮಾತು, ಅಲ್ರೀ?"

ಹೊತ್ತು ಮುಳುಗುವಾಗ ಕೆಂಪು ಕಾರು ಜಮಖಂಡಿಯ ಹಾದಿ ಹಿಡಿದಿತ್ತು. ಏರೊಂದು ಬಂದಾಗ ಅದು ಗುಡುಗುತ್ತಾ, ಒಂದಿಷ್ಟೂ ಏದುಸಿರುಬಿಡದೆ, ಎರಡು ಟ್ರೇಲರಿನ ಟ್ರ್ಯಾಕ್ಟರೊಂದನ್ನು ದಾಟಿತು. ಶಶಿಕಾಂತನ ಪಕ್ಕದಲ್ಲಿ, ಪೂನಮ್‌ಳ ಸೀಟಿದ್ದ ಖಾಲಿ ಜಾಗದಲ್ಲಿ, ಬಲೆಯ ಕೆಳಗೆ, ಕೋಳಿಗಳು ಗಾಳಿಗೆ ಕಣ್ಣು ಮುಚ್ಚಿ ಕುಳಿತಿದ್ದವು. ಊರು ಮುಟ್ಟುವಷ್ಟರಲ್ಲಿ ಅವುಗಳಲ್ಲೊಂದು ತತ್ತಿಯನ್ನೂ ಇಟ್ಟಿತ್ತು.